ತಳ್ಳುಗಾಡಿ

“ಸ್ಟಾರ್ಟ್ ಮಾಡ್ರೀ!” ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದ ಹೆಂಡತಿ ಹಿಂದಿನ ಸೀಟಿನಿಂದ ಕಿರುಚಿದಳು. ಆಟೋ ಓಡಿಸುವ ಗಂಡ ಸ್ಟಾರ್ಟ್ ಮಾಡಲಿಲ್ಲ. ಹ್ಯಾಂಡಲ್ ಹಿಡಿದು ಗಾಡಿಯನ್ನು ತಳ್ಳತೊಡಗಿದ.

ಮೂರು ವರ್ಷದ ಅಭ್ಯಾಸ. ಮಗಳಿಗೆ ಉಬ್ಬಸವೆಂದು ಗೊತ್ತಾದಂದಿನಿಂದ ಅವನು ಗಾಡಿಯ ಹೊಗೆಯನ್ನು ಮನೆಯ ಹತ್ತಿರ ಸುಳಿಯಗೊಟ್ಟಿಲ್ಲ. ಸಂಜೆ ಓಣಿಯ ತುದಿಯಲ್ಲೇ ಇಂಜಿನ್ ಆರಿಸಿ ಬಾಗಿಲವರೆಗೆ ತಳ್ಳಿಕೊಂಡು ಬರುತ್ತಾನೆ, ಬೆಳಿಗ್ಗೆ ಮತ್ತೆ ತುದಿಯವರೆಗೆ ತಳ್ಳಿಕೊಂಡು ಹೋಗುತ್ತಾನೆ. ಓಣಿಯವರು ಅವನಿಗೆ ‘ತಳ್ಳುಗಾಡಿ’ ಎಂದೇ ಹೆಸರಿಟ್ಟಿದ್ದಾರೆ.

ಈಗಲೂ ಕೈ ತನ್ನ ಪಾಡಿಗೆ ತಳ್ಳುತ್ತಿತ್ತು. ಇನ್‌ಹೇಲರ್ ಎರಡು ಸಲ ಎಳೆದರೂ ಮಗಳ ಎದೆ ಸುಯ್‌ಗುಡುತ್ತಲೇ ಇತ್ತು.

“ಆಸ್ಪತ್ರೆವರೆಗೂ ತಳ್ತೀರಾ? ತಲೆ ಕೆಟ್ಟಿದ್ಯಾ ನಿಮಗೆ?”

ಮಗಳು ಫ್ರಾಕಿನ ಅಂಚನ್ನು ಮೇಲೆತ್ತಿ ಮೂಗು, ಬಾಯಿ ಎರಡನ್ನೂ ಒತ್ತಿ ಹಿಡಿದಳು.

“ಮುಚ್ಕೊಂಡಿದೀನಪ್ಪಾ,” ಎಂದಳು ಬಟ್ಟೆಯೊಳಗಿನಿಂದ. “ಸ್ಟಾರ್ಟ್ ಮಾಡು.”