ಬೆನ್ನಿನ ಕಸೆ

ತೊಟ್ಟ ಗೌನಿನ ಬೆನ್ನ ಮೇಲಿನ ಕಸೆಯ ತುದಿಯನ್ನು ಮುಂಬಾಗಿಲ ಹಿಡಿಕೆಗೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ವಂದನಾ ಮುಂದಕ್ಕೆ ಒಂದು ಹೆಜ್ಜೆ ಇಟ್ಟಳೋ ಇಲ್ಲವೋ, ಅದೇ ಬಾಗಿಲ ಬೆಲ್ ಹೊಡೆದುಕೊಂಡಿತು. ಬೆಚ್ಚಿದ್ದಕ್ಕೆ ದಾರ ಇನ್ನಷ್ಟು ಬಿಗಿದು, ಹಿಡಿಕೆಯ ಬಳಿ ಕಗ್ಗಂಟಾಯಿತು. ಬಾಗಿಲು ತೆಗೆಯಬೇಕಾದವಳೇ ಬಾಗಿಲಿಗೆ ಕಟ್ಟಿಬಿದ್ದಿದ್ದಳು.

ಎಲ್ಲ ಯಕ್ಷಿತಾಳಿಂದಾದ ಫಜೀತಿ. ಅವಳ ಬಳಿ ಬಟ್ಟೆ ಹೊಲಿಸಲು ಬಂದಿದ್ದ ಆ ಹುಡುಗಿಗೆ ತನ್ನ ಮದುವೆಯ ರಿಸೆಪ್ಷನ್ನಿಗೆ ಕಥೆಯ ರಾಜಕುಮಾರಿಯ ಗೌನು ಬೇಕಿತ್ತು. ವಂದನಾ ಯುರೋಪಿನ ಹಳೆಯ ಅರಮನೆಗಳ ಚಿತ್ರಗಳನ್ನು ನೋಡಿ ನೋಡಿ, ತೋಳಿಗೆ ಜಾಲರಿ, ಸೊಂಟದ ಕೆಳಗೆ ನೆರಿಗೆಯ ರಾಶಿ, ಬೆನ್ನುದ್ದಕ್ಕೂ ಎಳೆದು ಕಟ್ಟುವ ಕಸೆ ಇಟ್ಟು ಹೊಲಿದಿದ್ದಳು. ಬೆಳಿಗ್ಗೆ ಯಕ್ಷಿತಾಳ ಫೋನು ಬಂತು. ಈ ದಾರಗೀರ ಬೇಡ, ಚೈನ್ ಹಾಕಿಬಿಡಿ, ಅಷ್ಟು ಹೊತ್ತು ಹಿಂದೆ ನಿಂತು ಯಾರು ಕಟ್ಟುತ್ತಾರೆ ಎಂದು. ವಂದನಾ ಒಪ್ಪಲಿಲ್ಲ. ಹೊಲಕ್ಕೆ ಹೋಗುತ್ತಿದ್ದ ಅವಳ ಅವ್ವ ಕುಪ್ಪಸದ ಗಂಟನ್ನು ಮುಂದೆ ತಾನೇ ಬಿಗಿದುಕೊಳ್ಳುತ್ತಿದ್ದಳು, ಯಾರ ಹಂಗೂ ಇರಲಿಲ್ಲ. ರಾಣಿಗೆ ಮಾತ್ರ ಕಸೆ ಬೆನ್ನಿಗೆ. ಹಿಂದೆ ನಿಂತು ಕಟ್ಟುವವರು ಇದ್ದಾರೆ ಎಂಬುದೇ ಆ ಉಡುಪಿನ ದೌಲತ್ತು. ಚೈನ್ ಹಾಕಿದರೆ ಅದರ ಜೀವವೇ ಹೋಯಿತು. ತೊಟ್ಟು ತೋರಿಸುತ್ತೇನೆ, ಫೋಟೊ ನೋಡಿ ಆಮೇಲೆ ಹೇಳು ಎಂದು ವಂದನಾ ಹಟ ಹಿಡಿದಿದ್ದಳು.

ತೊಟ್ಟದ್ದೇನೋ ಸರಿ, ಕಟ್ಟುವವರು? ಮುಂಬೈಯ ಗೋರೆಗಾಂವಿನ ಆ ಒಂದೇ ಕೋಣೆಯಲ್ಲಿ ಅವಳೂ ಬಟ್ಟೆ ತೊಡಿಸಿ ನೋಡುವ ತಲೆಯಿಲ್ಲದ ಒಂದು ಗೊಂಬೆಯೂ ಬಿಟ್ಟರೆ ನರಪಿಳ್ಳೆಯಿಲ್ಲ. ಇಷ್ಟು ವರ್ಷ ಅವಳ ಗೌನುಗಳ ಕಸೆ ಎಳೆದದ್ದೆಲ್ಲ ಈ ಬಾಗಿಲೇ. ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ಹೇಳಲು ಯಾರೂ ಇರಲೂ ಇಲ್ಲ, ಆ ಮಾತು ಬೇರೆ.

ಬೆಲ್ ಮತ್ತೆ ಹೊಡೆಯಿತು. "ಏಕ್ ಮಿನಿಟ್" ಎಂದು ಕೂಗಿ, ಹಿಂದೆ ಕೈಹಾಕಿ ತಡಕಾಡಿದಳು. ಗಂಟು ಬಿಡಲಿಲ್ಲ. "ಅಯ್ಯ ಶಿವನ, ಎಲ್ಲಿ ಸಿಕ್ಕೊಂಡೆಪಾ ನಾನು" ಎಂದು ತನ್ನಷ್ಟಕ್ಕೇ ಬಾಯಿಗೆ ಬಂತು.

ಬಾಗಿಲ ಹೊರಗೆ ಬಳೆಗಳ ಸದ್ದಾಯಿತು. ಆಮೇಲೆ, "ನೀವು ಕನ್ನಡದವರಾ ಮಾರಾಯ್ರೆ?"

ಎದುರು ಫ್ಲ್ಯಾಟಿನ ಶೀಲಾವತಿಯಮ್ಮ. ಕೊರಿಯರ್‌ನವನು ತಪ್ಪಿ ತಮ್ಮಲ್ಲಿ ಕೊಟ್ಟಿದ್ದ ಪೊಟ್ಟಣ ತಂದಿದ್ದರು. ಇಷ್ಟು ದಿನ ಲಿಫ್ಟಿನಲ್ಲಿ ಇಬ್ಬರದೂ ಹಿಂದಿಯೇ, ಅದೂ ಒಂದೆರಡು ಮಾತು. ಅವರು ಫೋನಿನಲ್ಲಿ ಆಡುವ ತುಳು ಕೇಳಿ ವಂದನಾ ಕೇರಳದವರೆಂದುಕೊಂಡಿದ್ದಳು. ಧಾರವಾಡದ ಇವಳನ್ನು ಅವರು ಮರಾಠಿಯವಳ ಲೆಕ್ಕಕ್ಕೆ ಸೇರಿಸಿದ್ದರು.

"ತಡೀರಿ, ಬಾಗಲಕ್ಕ ಕಟ್ಟಿಬಿದ್ದೀನ್ರಿ."

"ದೇವರೇ, ಕಟ್ಟಿದ್ದು ಯಾರು?"

"ಯಾರೂ ಇಲ್ರೀ. ನಾನ ಕಟ್ಟಿಕೊಂಡೀನಿ."

ಹೇಗೋ ಹಿಮ್ಮೊಗವಾಗಿಯೇ ಚಿಲಕ ಸರಿಸಿದಳು. ಬಾಗಿಲ ಜೊತೆ ತಾನೂ ಜಗ್ಗಿಕೊಂಡು ಹೋದಳು. ಶೀಲಾವತಿಯಮ್ಮ ನಗಲಿಲ್ಲ. ಗಂಟು ಬಿಡಿಸಿದರು, ವಿಷಯ ಕೇಳಿದರು, ಇಷ್ಟಕ್ಕೆ ಬಾಗಿಲು ಯಾಕೆ, ನಾನಿಲ್ಲವಾ ಎಂದು ಬೈದರು. ಯಜಮಾನರು ಫೋರ್ಟ್ ಪೇಟೆಯ ಹೋಟೆಲಿನ ಗಲ್ಲಾಕ್ಕೆ ಹೋದರೆ ಮರಳುವುದು ರಾತ್ರಿಗೆ, ಅಲ್ಲಿಯವರೆಗೆ ಮನೆಯಲ್ಲಿ ಮಾತಾಡುವುದು ಟಿವಿ ಒಂದೇ ಎನ್ನುತ್ತ, ಜಡೆ ಹೆಣೆಯುವ ಹಾಗೆ ಒಂದೊಂದೇ ತೂತಿಗೆ ದಾರ ಪೋಣಿಸಿ ಎಳೆದರು. ಬೆಳ್ಳುಳ್ಳಿ ವಾಸನೆಯ ಆ ಬೆಚ್ಚನೆ ಬೆರಳು ಬೆನ್ನಿಗೆ ತಾಗಿದಾಗಲೆಲ್ಲ ವಂದನಾ ಇನ್ನಷ್ಟು ನೆಟ್ಟಗೆ ನಿಂತಳು. ಅವ್ವ ಹೋದ ಮೇಲೆ ಅವಳ ಮೈಮೇಲಿನ ಬಟ್ಟೆಯನ್ನು ಇನ್ನೊಬ್ಬರು ಸರಿಮಾಡಿದ್ದೇ ಇಲ್ಲ.

ಫೋಟೊವನ್ನೂ ಅವರೇ ತೆಗೆದರು. ಯಕ್ಷಿತಾಳ ಉತ್ತರ ಕೂಡಲೇ ಬಂತು, ಎಷ್ಟು ಚಂದ, ದಾರವೇ ಇರಲಿ ಎಂದು. ವಂದನಾ ಅದನ್ನು ಓದಿ ಹೇಳಿದಳು. ಗೆದ್ದ ಖುಷಿ ಯಾಕೋ ಅಷ್ಟಾಗಿ ಆಗಲಿಲ್ಲ.

"ಒಳ್ಳೆದಾಯ್ತು. ಬಿಚ್ಚಿಕೊಟ್ಟು ನಾನು ಹೊರಡ್ತೇನೆ" ಎಂದರು ಶೀಲಾವತಿಯಮ್ಮ.

ವಂದನಾ ಕನ್ನಡಿಗೆ ಬೆನ್ನು ಕೊಟ್ಟು, ಕತ್ತು ಹೊರಳಿಸಿ ನೋಡಿದಳು. ಕಸೆ ನೂಲು ಹಿಡಿದಂತೆ ನೆಟ್ಟಗಿತ್ತು.

"ಎಡಕ್ಕ ಸ್ವಲ್ಪ ಸೊಟ್ಟ ಆದಂಗ ಐತ್ರಿ. ಬಿಚ್ಚಿ ಇನ್ನೊಮ್ಮೆ ಕಟ್ಟತೀರೇನ್ರಿ?"

ಶೀಲಾವತಿಯಮ್ಮ ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೂ ನೋಡಿದರು. ಆಗಲೇ ಕೈಗೆ ತೆಗೆದುಕೊಂಡಿದ್ದ ಬೀಗದ ಕೈಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಹೌದು ಮಾರಾಯ್ತಿ, ಭಾರೀ ಸೊಟ್ಟ ಉಂಟು" ಎಂದು ಮೊದಲ ಗಂಟಿಗೆ ಕೈಹಾಕಿದರು.