ಹತ್ತು ವರ್ಷದ ವಾರಂಟಿ

ಫ್ರಿಜ್ ಕೊಳ್ಳಲು ಬಂದ ದಾನಮ್ಮನ ಆಯುಷ್ಯದ ಕಾರ್ಡನ್ನು ಅಂಗಡಿಯ ಮುರಿಗೆಪ್ಪ ಯಂತ್ರಕ್ಕೆ ಹಿಡಿದ. ಅವಳಿಗೆ ಉಳಿದಿರುವುದು ನಾಲ್ಕು ವರ್ಷ ಎಂದು ಪರದೆ ತೋರಿಸಿತು.

“ಹತ್ತು ವರ್ಷದ ವಾರಂಟಿ ನಿಮಗ್ಯಾಕ್ರಿ ಅಕ್ಕಾರ? ಸುಮ್ಮನ ದಂಡ. ನಾಲ್ಕು ವರ್ಷದ್ದು ಸಾಕು.”

“ನನ್ನ ಹಿಂದ ಮಗಳು ಇರ್ತಾಳಲ್ಲಪಾ. ಆಕಿ ಹೆಸರಿಲೇ ಹತ್ತು ವರ್ಷದ್ದು ಬರಿ.”

ಹೆತ್ತವರು ಮಕ್ಕಳ ಕಾರ್ಡನ್ನು ಓದಿಸುವುದಿಲ್ಲ. ದಾನಮ್ಮನೂ ಮಗಳ ಕಾರ್ಡನ್ನು ಅವಳು ಹುಟ್ಟಿದಾಗಿನಿಂದ ಒಂಬತ್ತು ವರ್ಷ ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟಿದ್ದಳು. ಈಗ ಬಿಚ್ಚಿ ಕೊಟ್ಟು, “ಎಷ್ಟಂತ ನನಗ ಹೇಳಬ್ಯಾಡ,” ಎಂದು ಮುಖ ಆಚೆ ತಿರುಗಿಸಿದಳು. ಅಲ್ಲಿ ಮಗಳು ಕೆಂಪು ಫ್ರಿಜ್ಜಿನ ಬಾಗಿಲು ತೆಗೆದು, ತನ್ನ ನೀರಿನ ಬಾಟಲಿ ಇಡುವ ಜಾಗ ಹುಡುಕುತ್ತಿದ್ದಳು.

ಮುರಿಗೆಪ್ಪ ಕಾರ್ಡನ್ನು ಯಂತ್ರಕ್ಕೆ ಹಿಡಿದು ಪರದೆ ನೋಡಿದ. ಆಮೇಲೆ ಪೆನ್ನು ಕೆಳಗಿಟ್ಟ.

“ಅಕ್ಕಾರ, ಕಂಪನಿಯವರು ಪುಕ್ಕಟೆ ಕೊಡೂ ಒಂದು ವರ್ಷದ್ದ ಸಾಕ್ರಿ.”