ಅತ್ತಿಗೆಯ ಪರವಾಗಿ ಒಂದು ಕವಿತೆ

ಅತ್ತಿಗೆಯ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ದಿಂಬಿನ ಕವರಿನ ಮೇಲೆಯೇ ನಿಂತುಬಿಟ್ಟಿತು. ಕವಿತೆ ಓದುತ್ತಿದ್ದ ನಾದಿನಿ ಹಾಳೆಯಿಂದ ತಲೆಯೆತ್ತಿದಳು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಹೇಗೆ ದಿನ ದೂಡುತ್ತಿರಬಹುದೆಂದು ಊಹಿಸಿ, ಅತ್ತಿಗೆಯೇ ‘ನಾನು’ ಎಂದು ಮಾತಾಡುವಂತೆ ಅವಳು ಬರೆದಿದ್ದಳು. ಅವರು ಒಪ್ಪಿದರಷ್ಟೇ ಪತ್ರಿಕೆಗೆ ಕಳಿಸುವುದೆಂದು ನಿರ್ಧರಿಸಿಯೇ ಬಂದಿದ್ದಳು.

“ಆ ಸಾಲು ಇನ್ನೊಂದ್ಸಲ ಓದು.”

“‘ಅವನ ಜಾಗ ಅವನಿಗೇ ಬಿಟ್ಟು, ಗೋಡೆಗೆ ಒತ್ತಿಕೊಂಡು ಮಲಗುತ್ತೇನೆ.’”

ಬಟ್ಟೆ ಸೀದ ವಾಸನೆ ಬಂತು. ಅತ್ತಿಗೆ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟು ಮುಖ ತಿರುಗಿಸಿದರು. ಅವರ ಹೆಗಲು ಅಲುಗತೊಡಗಿತು. ನಾದಿನಿ ಗಡಿಬಿಡಿಯಲ್ಲಿ ಹಾಳೆ ಮಡಚಿದಳು. “ತಪ್ಪಾಯ್ತು ಅತ್ತಿಗೆ, ಅಳ್ಬೇಡಿ. ಹರಿದು ಹಾಕ್ತೀನಿ.”

“ಅಳೋದೆಲ್ಲಿ ಬಂತೇ, ಹುಚ್ಚಿ!” ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಗೋಡೆಗೆ ಒತ್ಕೊಂಡು ಮಲಗ್ತಿದ್ದದ್ದು ನಿಮ್ಮಣ್ಣ ಇದ್ದಾಗ. ಪುಣ್ಯಾತ್ಮ, ಮಂಚ ಪೂರ್ತಿ ಅವರದ್ದೇ ರಾಜ್ಯ! ಈಗ ನಾನು ನಟ್ಟನಡುವೆ ಮಲಗ್ತೀನಿ, ಕೈಕಾಲು ಚಾಚ್ಕೊಂಡು. ಯಾರಿಗೂ ಹೇಳಿರ್ಲಿಲ್ಲ. ಗಂಡ ಹೋದ್ಮೇಲೆ ಒಳ್ಳೇ ನಿದ್ದೆ ಬರ್ತಿದೆ ಅಂದ್ರೆ ಜನ ಏನಂದಾರು?”

ನಾದಿನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅತ್ತಿಗೆ ಕಣ್ಣೊರೆಸಿಕೊಂಡು, ಅವಳ ಕೈಯಿಂದ ಹಾಳೆ ತೆಗೆದುಕೊಂಡು ಮಡಿಕೆ ಬಿಡಿಸಿ ಮೇಜಿನ ಮೇಲೆ ಹರಡಿದರು.

“ಆ ಸಾಲು ಹೊಡೆದುಹಾಕಿ, ನಾನೀಗ ಹೇಳಿದ್ದನ್ನ ಬರಿ, ಕಳಿಸು. ಓದಿದವಳು ಯಾರಾದ್ರೂ ಇವತ್ತು ಕೈಕಾಲು ಚಾಚ್ಲಿ.”